ಎರಡು ಒಡಲಿನ ದೋಣಿ

ರಿಯೇಕಾ
೩ ಮಾರ್ಚ್ ೨೦೦೯

ಯೆರ್ಕೊ,

ಒಂಬತ್ತು ವರ್ಷಗಳ ಮೇಲೆ ಬರೆಯುವ ಪತ್ರವನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ನಾಲ್ಕು ಹಾಳೆ ಹರಿದೆ. ಇದು ಐದನೆಯದು. ಹೇಗೆ ಬಂದರೂ ಇದನ್ನೇ ಕಳಿಸುತ್ತೇನೆ.

ಚಳಿಗಾಲದಲ್ಲಿ ಎರಡು ಸಲ ಫೋನ್ ಮಾಡಿದ್ದೆ. ಎರಡು ಸಲವೂ ನೀನೇ ಎತ್ತಿದೆ. ನಾನು ಹೆಸರು ಹೇಳಿದೆ. ನೀನು "ಹಲೋ, ಹಲೋ" ಎಂದು ಇಟ್ಟುಬಿಟ್ಟೆ. ಸಿಟ್ಟು ಇನ್ನೂ ಇಳಿದಿಲ್ಲವೆಂದು ಗೊತ್ತಾಯಿತು. ಕಾಗದವನ್ನಾದರೂ ಹರಿಯುವ ಮೊದಲು ಓದುತ್ತೀಯೆಂಬ ಆಸೆ.

ವಿಷಯಕ್ಕೆ ಬರುತ್ತೇನೆ. ನಾನು ಒಂದು ದೋಣಿ ಕೊಳ್ಳಬೇಕೆಂದಿದ್ದೇನೆ. ನಿನ್ನ ಬೆಟಿನಾದಲ್ಲೇ ಇದೆ, ನಿಮ್ಮ ಕೊಲ್ಲಿಯ ಒಳಮೂಲೆಯಲ್ಲಿ, ಊರಿಗೆಲ್ಲ ಹಿರಿಯ ಮಾವನಾದ ಬಾರ್ಬಾ ರೋಕೊನ ಮನೆಯೆದುರು. ಇಪ್ಪತ್ತು ವರ್ಷ ಹಳೆಯ ಕ್ಯಾಟಮರಾನ್, ಹಾಯಿಯದು, ಹನ್ನೊಂದು ಮೀಟರ್. ನಗಬೇಡ. ಒರಿಯಾನಾ ಎರಡು ವರ್ಷದ ಹಿಂದೆ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿದೆ, ನಡೆಯುತ್ತಾಳೆ. ಆದರೆ ಗಾಳಿಗೆ ವಾಲುವ ದೋಣಿಯಲ್ಲಿ ಕಾಲೂರಿ ನಿಲ್ಲಲು ಅವಳಿಂದ ಇನ್ನು ಸಾಧ್ಯವಿಲ್ಲ. ಎರಡು ಒಡಲಿನ ದೋಣಿ ವಾಲುವುದಿಲ್ಲ. ನಾವು ಮತ್ತೆ ಸಮುದ್ರದ ಮೇಲೆ ಇರಬೇಕೆಂದರೆ ಇದೊಂದೇ ದಾರಿ.

ಬರೀ ಬೇಸಿಗೆಗಲ್ಲ, ಯೆರ್ಕೊ. ಇಲ್ಲಿಯ ಫ್ಲ್ಯಾಟ್ ಮಾರಿ ಅದರಲ್ಲೇ ಬದುಕಬೇಕೆಂಬ ಯೋಚನೆ. ಹಾಗಾಗಿ ದೋಣಿ ಕೆಟ್ಟದ್ದಾದರೆ ನಮಗೆ ಮರಳಿ ಹೋಗಲು ಮನೆ ಇರುವುದಿಲ್ಲ.

ಹಣ ಕೊಟ್ಟರೆ ಬಂದು ಪರೀಕ್ಷೆ ಮಾಡಿ ವರದಿ ಬರೆದುಕೊಡುವವರು ಇಲ್ಲೂ ಇದ್ದಾರೆ. ನನಗೆ ಅವರ ವರದಿ ಬೇಡ. ನೀನು ಹೋಗಿ ಸುತ್ತಿಗೆಯಿಂದ ತಟ್ಟಿ ನೋಡು, ದನಿ ಕೇಳು. ನಿನ್ನ ಕಿವಿ ಒಪ್ಪಿದರೆ ಕೊಳ್ಳುತ್ತೇನೆ, ಇಲ್ಲವೆಂದರೆ ಬಿಡುತ್ತೇನೆ. ಈ ಮಾತನ್ನು ನಾನು ಯಾಕೆ ಬರೆಯುತ್ತಿದ್ದೇನೆಂದು ನಿನಗೆ ಅರ್ಥವಾಗಿರಬೇಕು.

ನಿನ್ನಾಕೆ ಫ್ರಾನಿತ್ಸಾಳಿಗೆ ನಮ್ಮಿಬ್ಬರ ನೆನಪು ತಿಳಿಸು.

ಅಲ್ಬಿನ್


ಬೆಟಿನಾ
೧೬ ಮಾರ್ಚ್ ೨೦೦೯

ಅಲ್ಬಿನ್,

ಪತ್ರ ಬಂತು. ಹರಿಯಲಿಲ್ಲ. ಮೊದಲು ಫ್ರಾನಿತ್ಸಾ ಓದಿದಳು, ಆಮೇಲೆ ನನಗೆ ಕೊಟ್ಟಳು.

ಒರಿಯಾನಾಳ ಸೊಂಟದ ವಿಷಯ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಎರಡು ಸಾಲು ಬರೆಯುತ್ತಿದ್ದೆವು.

ರೋಕೊನ ದೋಣಿಯನ್ನು ದಿನಾ ನೋಡುತ್ತೇನೆ. ನನ್ನ ದೃಷ್ಟಿಯಲ್ಲಿ ಅದು ದೋಣಿಯಲ್ಲ, ಕಾಲು ನೀರಿನಲ್ಲಿಟ್ಟುಕೊಂಡ ಊಟದ ಮೇಜು. ನಲವತ್ತಾರು ವರ್ಷ ಹಲಗೆಗಳ ಸಂದಿಗೆ ಹತ್ತಿ ಬಡಿದು ಡಾಂಬರು ಎರೆದವನು ನಾನು. ಫೈಬರ್ ಒಡಲಿನ ಬಗ್ಗೆ ನನ್ನನ್ನು ಯಾರೂ ಕೇಳಿದವರಿಲ್ಲ. ನೀನು ಕೇಳಿದ್ದೀಯ.

ಭಾನುವಾರ ಹೋಗಿ ನೋಡುತ್ತೇನೆ.

ಫೋನ್ ಮಾಡಬೇಡ. ಬರೆ.

ಯೆರ್ಕೊ


ಬೆಟಿನಾ
೨೯ ಮಾರ್ಚ್ ೨೦೦೯

ಅಲ್ಬಿನ್,

ನೋಡಿದೆ. ಎರಡು ಭಾನುವಾರ ನೋಡಿದೆ.

ರೋಕೊಗೆ ಎಪ್ಪತ್ತೊಂಬತ್ತು. ಆಳದ ನೀರಿಗೆ ಒಬ್ಬನೇ ಹೋಗಬಾರದೆಂದು ಡಾಕ್ಟರು ಹೇಳಿದ್ದಾರೆ. ಮಾರುವುದಕ್ಕೆ ಬೇರೆ ಕಾರಣ ಇಲ್ಲ. ಪ್ರವಾಸಿಗಳಿಗೆ ಬಾಡಿಗೆಗೆ ಓಡುತ್ತಿದ್ದ ದೋಣಿಯನ್ನು ಹದಿನಾಲ್ಕು ವರ್ಷದ ಹಿಂದೆ ತಂದು ಇಟ್ಟುಕೊಂಡವನು. ಹಾಯಿಗಳು ಹಳೆಯವು, ಒಂದನ್ನು ಬದಲಿಸಬೇಕು. ಎಡಗಡೆಯ ಎಂಜಿನ್ ಹೊಗೆ ಕಾರುತ್ತದೆ, ಬಲಗಡೆಯದು ಚೆನ್ನಾಗಿದೆ. ದೋಣಿಯ ಅಡುಗೆಮನೆ ಫ್ರಾನಿತ್ಸಾಳ ಅಡುಗೆಮನೆಗಿಂತ ದೊಡ್ಡದು. ಇದನ್ನು ಅವಳಿಗೆ ಹೇಳಿ ತಪ್ಪು ಮಾಡಿದೆ.

ರೋಕೊ ಅದನ್ನು ಹೇಗೆ ನೋಡಿಕೊಂಡಿದ್ದಾನೆಂದು ಬರೆಯಬೇಕು. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಪ್ರತಿದಿನ ಸಂಜೆ, ಬಿಸಿಲು ಇಳಿದ ಮೇಲೆ, ಹತ್ತು ಬಕೆಟ್ ಸಮುದ್ರದ ನೀರು ಸೇದಿ ಡೆಕ್ಕಿನ ಮೇಲೆ ಹೊಯ್ಯುತ್ತಾನೆ. ನಮ್ಮ ಅಪ್ಪಂದಿರು ಮಾಡುತ್ತಿದ್ದ ಹಾಗೆಯೇ. ಈಗಿನ ಎಷ್ಟು ಜನಕ್ಕೆ ಗೊತ್ತು ಇದು? ದೋಣಿಗೆ ಬಾಯಾರಿಕೆ ಆಗುತ್ತದೆಂದು ತಿಳಿದವನು ಅದನ್ನು ಕೆಡಿಸಿರುವುದಿಲ್ಲ.

ಒಡಲು, ಡೆಕ್, ಹಾಯಿಕಂಬದ ಬುಡ, ಎಲ್ಲ ಕಡೆ ತಟ್ಟಿದೆ. ಕಂಚಿನ ದನಿ, ಎಲ್ಲೂ ಟೊಳ್ಳಿಲ್ಲ.

ಕೊಳ್ಳು.

ಯೆರ್ಕೊ


ರಿಯೇಕಾ
೮ ಏಪ್ರಿಲ್ ೨೦೦೯

ಪ್ರಿಯ ಯೆರ್ಕೊ,

"ಕಂಚಿನ ದನಿ" ಎಂಬ ಎರಡು ಪದಗಳನ್ನು ನಾನು ಒರಿಯಾನಾಳಿಗೆ ಮೂರು ಸಲ ಓದಿ ಹೇಳಿದೆ. ಮೂರನೇ ಸಲ ಅವಳು, "ಕೇಳಿಸ್ತು ಅಲ್ಬಿನ್, ನಂಗೆ ಮುರಿದಿದ್ದು ಸೊಂಟ, ಕಿವಿ ಅಲ್ಲ" ಅಂದಳು.

ಫ್ಲ್ಯಾಟಿಗೆ ಗಿರಾಕಿ ಸಿಕ್ಕಿದ್ದಾರೆ. ಇಬ್ಬರೂ ಶಾಲೆಯ ಮೇಷ್ಟ್ರುಗಳು, ಒಳ್ಳೆಯ ಜನ. ಮೇ ಹದಿನೈದಕ್ಕೆ ಸಹಿ ಹಾಕಿ ಬೀಗದ ಕೈ ಕೊಡುವುದೆಂದು ಮಾತಾಗಿದೆ. ರೋಕೊಗೂ ಅದೇ ವಾರ ಬರುತ್ತೇನೆಂದು ಬರೆದಿದ್ದೇನೆ. ಒರಿಯಾನಾ ಪುಸ್ತಕಗಳನ್ನು ಹಂಚುತ್ತಿದ್ದಾಳೆ. ತಾಯಿಯ ಕಾಲದ ದೊಡ್ಡ ಕಪಾಟು ನಿನ್ನೆ ಹೋಯಿತು. ಅದು ಇದ್ದ ಗೋಡೆಯ ಮೇಲೆ ಬಿಳಿಯ ಚೌಕ ಉಳಿದಿದೆ. ಅವಳು ಅದರ ಎದುರು ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾಳೆ. ಕೇಳಿದರೆ, "ಏನಿಲ್ಲ, ಜಾಗ ಎಷ್ಟು ಆಯ್ತು ಅಂತ ನೋಡ್ತಿದೀನಿ" ಅನ್ನುತ್ತಾಳೆ.

ಇನ್ನೊಂದು ಮಾತು. ನೀನು ತಟ್ಟಿ ಗಟ್ಟಿಯಿದೆ ಅಂದಿದ್ದ ನಮ್ಮ ಮರದ ದೋಣಿ 'ಬೊನಾತ್ಸ' ಮುಳುಗಿದ ಮರುದಿನ ಬೆಟಿನಾದ ದಕ್ಕೆಯ ಮೇಲೆ, ಊರೆಲ್ಲ ನಿಂತಿದ್ದಾಗ, ನಾನು ನಿನಗೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಿನ್ನ ಕಿವಿ ಸತ್ತಿದೆ, ಸತ್ತ ಕಿವಿ ಇಟ್ಟುಕೊಂಡು ಜನರನ್ನು ಮುಳುಗಿಸುತ್ತೀಯ ಅಂದಿದ್ದೆ. ಒರಿಯಾನಾ ನಲವತ್ತು ನಿಮಿಷ ನೀರಿನಲ್ಲಿದ್ದಳು, ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಅದು ನೆಪವಲ್ಲ. ಆ ವಿಷಯದಲ್ಲಿ ಇನ್ನೂ ಬರೆಯುವುದಿತ್ತು, ಹಾಳೆ ಮುಗಿಯಿತು.

ನಿನ್ನ
ಅಲ್ಬಿನ್


ಬೆಟಿನಾ
೨೧ ಏಪ್ರಿಲ್ ೨೦೦೯

ಅಲ್ಬಿನ್,

ಮೊದಲು ಮುಖ್ಯವಾದದ್ದು: ಸಹಿ ಹಾಕಬೇಡ. ಫ್ಲ್ಯಾಟ್ ಮಾರಬೇಡ. ದೋಣಿ ಕೊಳ್ಳಬೇಡ. ಇದರಾಚೆ ಓದುವ ಮನಸ್ಸಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ಹಾಳೆ ಮುಗಿಯಿತೆಂದು ನೀನು ಬರೆದಿದ್ದೆ. ಹಿಂಬದಿ ಪೂರ್ತಿ ಖಾಲಿ ಇತ್ತು. ಇರಲಿ. ನನ್ನದು ಎರಡೂ ಬದಿ ತುಂಬುತ್ತದೆ.

ಮೇ ಹದಿನೈದು ಎಂಬ ತಾರೀಖು ಓದಿದ ಮೇಲೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆಯೇ ಮತ್ತೆ ರೋಕೊನಲ್ಲಿಗೆ ಹೋದೆ. ಡೆಕ್ಕಿನ ಮೇಲೆ ಮಂಡಿಯೂರಿ, ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹಾಯಿಕಂಬದ ಸುತ್ತ ಬರುತ್ತಿದ್ದೆ. ಅಷ್ಟರಲ್ಲಿ ತೋಂಕಾ ಬಂದಳು. ನಿನಗೆ ಅವಳ ಪರಿಚಯವಿಲ್ಲ. ನಾನು ಕೆಲಸ ಬಿಟ್ಟ ಮೇಲೆ ನನ್ನ ಹಳೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು ಫೈಬರ್ ದೋಣಿಗಳನ್ನು ರಿಪೇರಿ ಮಾಡುವವಳು. ನಲವತ್ತು ವಯಸ್ಸು, ಮಾತು ಒರಟು, ಕೈ ನಯ.

"ಏನ್ ಬಾರ್ಬಾ ಯೆರ್ಕೊ, ಬಾಗಿಲು ತಟ್ತಿದೀರಾ? ಒಳಗೆ ಯಾರೂ ಇಲ್ಲ" ಅಂದಳಂತೆ. ಇದನ್ನು ಆಮೇಲೆ ಅವಳೇ ಹೇಳಿದ್ದು. ನಾನು ತಲೆಯಾಡಿಸಿ ಕೆಲಸ ಮುಂದುವರಿಸಿದೆ. ಅವಳು ನನ್ನ ಎದುರು ಬಂದು ಕುಳಿತು ಸುತ್ತಿಗೆ ಇಸಿದುಕೊಂಡಳು. ಡೆಕ್ಕಿಗೆ ಒಂದು ಸಲ ತಟ್ಟಿದಳು.

"ಏನ್ ಕೇಳ್ತು?"

"ಕಂಚು" ಅಂದೆ.

ಒಂದು ಗೇಣು ಆಚೆ ತಟ್ಟಿದಳು. "ಇಲ್ಲಿ?"

"ಕಂಚು."

ಮತ್ತೊಂದು ಸಲ ಕೈ ಎತ್ತಿ ಇಳಿಸಿದಳು. "ಈಗ?"

"ಕಂಚೇ ಮಾರಾಯ್ತಿ, ಎಷ್ಟು ಸಲ ಕೇಳ್ತೀ?"

ಅವಳು ಕೈ ತೆಗೆಯಲಿಲ್ಲ. ಸುತ್ತಿಗೆ ಡೆಕ್ಕಿನಿಂದ ಎರಡು ಬೆರಳು ಮೇಲೆ ನಿಂತಿತ್ತು. ತಟ್ಟಿರಲೇ ಇಲ್ಲ.

ಅವಳು ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ನನ್ನ ಮುಖದ ಹತ್ತಿರಕ್ಕೆ ಬಂದು, ನಿಧಾನವಾಗಿ, "ಯಾವಾಗ್ನಿಂದ ಬಾರ್ಬಾ?" ಎಂದು ಕೇಳಿದಳು. ತುಟಿ ನೋಡಿ ತಿಳಿದುಕೊಂಡೆ.

ಅಲ್ಬಿನ್, ನನ್ನ ಕಿವಿ ಕೇಳಿಸುವುದಿಲ್ಲ. ಎಡಗಿವಿಯಲ್ಲಿ ಏನೂ ಇಲ್ಲ. ಬಲಗಿವಿಯಲ್ಲಿ ಹತ್ತಿರ ಬಂದು ಕೂಗಿದರೆ ಮಾತು ಗಾಳಿಯ ಹಾಗೆ ಬರುತ್ತದೆ. ಹತ್ತಿ ಬಡಿಯುವವರಿಗೆಲ್ಲ ಕೊನೆಗೆ ಬರುವ ರೋಗ ಇದು. ನನ್ನ ಅಪ್ಪನಿಗೂ ಬಂದಿತ್ತು, ಅವನೂ ಒಪ್ಪಿಕೊಂಡಿರಲಿಲ್ಲ. ಫೋನಿನಲ್ಲಿ ನೀನೆಂದು ನನಗೆ ಗೊತ್ತೇ ಆಗಿರಲಿಲ್ಲ. ಯಾರೋ ಇದ್ದಾರೆಂದಷ್ಟೇ ಗೊತ್ತಾಗಿ ಹೆದರಿ ಇಟ್ಟುಬಿಟ್ಟೆ.

ನಿನ್ನ ಮಾರ್ಚ್ ತಿಂಗಳ ಪತ್ರದಲ್ಲಿ "ನಿನ್ನ ಕಿವಿ ಒಪ್ಪಿದರೆ" ಎಂಬ ಮಾತಿತ್ತು. ಒಂಬತ್ತು ವರ್ಷ ಕಾದ ಮಾತು. ಇಲ್ಲ ಅನ್ನಲು ಆಗಲಿಲ್ಲ. ಬೆರಳಿಗೆ ತಿಳಿದೀತು ಅಂದುಕೊಂಡೆ. ಮರವಾದರೆ ತಿಳಿಯುತ್ತಿತ್ತೇನೋ.

ತೋಂಕಾ ರೋಕೊನ ಅನುಮತಿ ಕೇಳಿ ಹಾಯಿಕಂಬದ ಪಕ್ಕದ ಒಂದು ಕೊಂಡಿಯ ತಿರುಪು ಬಿಚ್ಚಿದಳು. ಕಂದು ನೀರು ಒಸರಿತು. ಆ ತೂತಿನೊಳಗೆ ತಂತಿ ಹಾಕಿ ಎಳೆದರೆ ಕಾಫಿಯಲ್ಲಿ ನೆನೆದ ರಸ್ಕಿನಂಥದ್ದು ಬಂತು. ಈ ದೋಣಿಗಳ ಡೆಕ್ ಬರೀ ಫೈಬರ್ ಅಲ್ಲವಂತೆ. ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರವಾದ ಮರದ ತುಂಡುಗಳಿವೆ. ಅದಕ್ಕೆ ನೀರು ತಾಕಲೇಬಾರದು. ಹಳೆಯ ತಿರುಪುಗಳ ಸಂದಿಯಿಂದ ನೀರು ಇಳಿದು ಇಳಿದು, ಹಾಯಿಕಂಬದ ಬುಡದಿಂದ ಮುಂದಿನ ಅಂಚಿನವರೆಗೆ ಎಲ್ಲ ಕೊಳೆತಿದೆ. ಬಲವಾದ ಗಾಳಿಗೆ ಕಂಬ ಕೆಳಗೆ ಕುಸಿಯಬಹುದೆಂದು ತೋಂಕಾ ಹೇಳಿದಳು. ಯಾವ ದಿನ ಎಂದು ಮಾತ್ರ ಹೇಳಲಾಗದಂತೆ.

ನೀರು ಎಲ್ಲಿಂದ ಬಂತೆಂದು ಅವಳು ಕೇಳಿದಳು. ರೋಕೊ ಬಕೆಟ್ಟಿನ ಕಡೆ ನೋಡಿದ. ನಾನೂ ನೋಡಿದೆ.

ಮರದ ದೋಣಿಗೆ ನೀರು ಹೊಯ್ಯದಿದ್ದರೆ ಬಿಸಿಲಿಗೆ ಹಲಗೆ ಒಣಗಿ ಸಂದಿ ಬಿಡುತ್ತದೆ. ನೀರು ಕುಡಿದರೆ ಉಬ್ಬಿ ಕೂಡಿಕೊಳ್ಳುತ್ತದೆ. ನಾವು ನಡೆಯಲು ಕಲಿತಾಗಿನಿಂದ ಮಾಡಿದ್ದು. ಆ ಮುದುಕ ಹದಿನಾಲ್ಕು ವರ್ಷ ಪ್ರೀತಿಯಿಂದ ತನ್ನ ಕೈಯಾರೆ ಅದನ್ನು ಕೊಳೆಸಿದ್ದಾನೆ, ನಾನು ಅದನ್ನು ಹೊಗಳಿ ನಿನಗೆ ಪತ್ರ ಬರೆದಿದ್ದೇನೆ. "ನಾನೇ ಹೊಯ್ದಿದ್ದಾ?" ಎಂದು ರೋಕೊ ಎರಡು ಸಲ ಕೇಳಿದ. ಅವತ್ತು ಸಂಜೆ ನನ್ನ ಕಿಟಕಿಯಿಂದ ನೋಡಿದೆ. ಅವನು ಅಭ್ಯಾಸದಂತೆ ಬಕೆಟ್ ತುಂಬಿ ಡೆಕ್ಕಿನ ಮೇಲೆ ನಿಂತಿದ್ದ. ಸ್ವಲ್ಪ ಹೊತ್ತು ನಿಂತು, ಹಾಗೇ ಅದನ್ನು ಸಮುದ್ರಕ್ಕೆ ವಾಪಸ್ ಸುರಿದ.

ಅವನು ಮೋಸಗಾರನಲ್ಲ. ಮೋಸ ಮಾಡಿದವನು ನಾನು.

ನೀನು ದಕ್ಕೆಯ ಮೇಲೆ ಆಡಿದ ಮಾತನ್ನು ವಾಪಸ್ ತೆಗೆದುಕೊಂಡಿದ್ದೀಯ. ತೆಗೆದುಕೊಳ್ಳಬೇಡ. ಅದು ನಿಜ. ಆಗಲೇ ನನಗೆ ಎತ್ತರದ ದನಿಗಳು ಕೇಳಿಸುತ್ತಿರಲಿಲ್ಲ. 'ಬೊನಾತ್ಸ'ದ ಹಲಗೆ ನನ್ನ ಕಿವಿಯಿಂದಲೇ ಹೋಯಿತು. ಒರಿಯಾನಾಳಿಗೆ ಏನಾದರೂ ಆಗಿದ್ದರೆ ಎಂದು ಒಂಬತ್ತು ವರ್ಷ ಯೋಚಿಸಿದ್ದೇನೆ. ಆ ಶರತ್ಕಾಲವೇ ಕೆಲಸ ಬಿಟ್ಟೆ. ಸಿಟ್ಟಿನಿಂದ ಬಿಟ್ಟೆನೆಂದು ಊರು ತಿಳಿದುಕೊಂಡಿತು, ನಾನು ತಿದ್ದಲಿಲ್ಲ.

ಇದನ್ನು ಬರೆದು ಮುಗಿಸಿದ ಮೇಲೆ ಫ್ರಾನಿತ್ಸಾಳಿಗೆ ತೋರಿಸಿದೆ. ಅವಳು ಒಂದು ಚೀಟಿಯಲ್ಲಿ ಬರೆದು ತೋರಿಸಿದ್ದು: "ಊರಿಗೆಲ್ಲ ಗೊತ್ತಿತ್ತು ಕಣಯ್ಯಾ, ನಿಂಗೊಬ್ನಿಗೆ ಯಾರೂ ಹೇಳಿರ್ಲಿಲ್ಲ. ಹೇಳಿದ್ರೂ ನಿಂಗೆ ಕೇಳಿಸ್ಬೇಕಲ್ಲ."

ಯೆರ್ಕೊ


ರಿಯೇಕಾ
೨೮ ಏಪ್ರಿಲ್ ೨೦೦೯

ಪ್ರಿಯ ಯೆರ್ಕೊ,

ಇದು ಒರಿಯಾನಾ. ಅಲ್ಬಿನ್ ಬರೆಯಲು ಕುಳಿತು ಏಳುತ್ತಾನೆ, ಕುಳಿತು ಏಳುತ್ತಾನೆ. ನೀವು ಅಲ್ಲಿ ಉತ್ತರ ಕಾಯುತ್ತ ಇರುತ್ತೀರೆಂದು ನಾನೇ ಬರೆಯುತ್ತಿದ್ದೇನೆ.

ಪತ್ರ ಸಮಯಕ್ಕೆ ಬಂತು. ಸಹಿ ಹಾಕಿಲ್ಲ. ಮೇಷ್ಟ್ರುಗಳಿಗೆ ನಾನೇ ಹೋಗಿ ಹೇಳಿದೆ. ಅವರಿಗೆ ಬೇಸರವಾಯಿತು, ಆದರೆ ನಮ್ಮ ಕೆಳಗಿನ ಮಹಡಿಯಲ್ಲೇ ಇನ್ನೊಂದು ಮನೆ ಖಾಲಿಯಾಗುತ್ತಿದೆ, ಅದನ್ನು ನೋಡಿದ್ದಾರೆ.

ಈಗ ನಾನೂ ಒಂದು ನಿಜ ಹೇಳಬೇಕು, ಅಲ್ಬಿನ್‌ಗೆ ನಿನ್ನೆಯೇ ಹೇಳಿದ್ದೇನೆ. ನಿಮ್ಮ ಪತ್ರವನ್ನು ಅವನು ಗಟ್ಟಿಯಾಗಿ ಓದಿದ. "ಕೊಳ್ಳಬೇಡ" ಎಂಬಲ್ಲಿಗೆ ಬಂದಾಗ ನಾನು ನೆಲದ ಮೇಲೆಯೇ ಕುಳಿತುಬಿಟ್ಟೆ. ಸೊಂಟ ನೋಯಿತೆಂದು ಅವನು ಓಡಿ ಬಂದ. ನೋವಲ್ಲ, ನನಗೆ ನಗು ತಡೆಯಲಾಗಲಿಲ್ಲ. ನನಗೆ ಆ ದೋಣಿ ಬೇಡವಾಗಿತ್ತು, ಯೆರ್ಕೊ. ನನಗಾಗಿ ಕೊಳ್ಳುತ್ತಿದ್ದಾನೆಂದು ಸುಮ್ಮನಿದ್ದೆ. ಅವನು ಕೂಡ ನನಗೆ ಬೇಕೆಂದೇ ಇಷ್ಟೆಲ್ಲ ಓಡಾಡಿದ್ದಂತೆ. ನಿಮ್ಮ ಪತ್ರ ಬರದೆಹೋಗಿದ್ದರೆ ನಾವಿಬ್ಬರೂ ಒಬ್ಬರಿಗಾಗಿ ಒಬ್ಬರು ಹೋಗಿ ಆ ಮೇಜಿನ ಮೇಲೆ ಕುಳಿತುಬಿಡುತ್ತಿದ್ದೆವು.

ನನಗೆ ಸಮುದ್ರ ಬೇಕು, ಸಂಜೆ ಮನೆಗೆ ಬರುವಷ್ಟು ದೂರ ಮಾತ್ರ.

ಅಲ್ಬಿನ್‌ಗೂ ಎದೆಯ ಭಾರ ಇಳಿದಿದೆ. ಇಳಿದದ್ದು ಪೂರ್ತಿಯಲ್ಲ. ದಿನಾ ಬಂದರಿನ ಕಟ್ಟೆಯ ತುದಿಯವರೆಗೆ ಹೋಗಿ ಬರುತ್ತಾನೆ. "ಯೆರ್ಕೊ ತಪ್ಪು ತಿಳ್ಕೊಂಡಿದಾನೆ" ಎಂದಷ್ಟೇ ಹೇಳಿದ. ಏನು ತಪ್ಪೆಂದು ಕೇಳಿದರೆ ಟೋಪಿ ಹಾಕಿಕೊಂಡು ಮತ್ತೆ ಹೊರಗೆ ಹೋದ. ಕಾಯಿರಿ, ಬರೆಯುತ್ತಾನೆ. ನಾನು ಬರೆಸುತ್ತೇನೆ.

ನಿಮ್ಮ
ಒರಿಯಾನಾ


ರಿಯೇಕಾ
೧೧ ಮೇ ೨೦೦೯

ಪ್ರಿಯ ಯೆರ್ಕೊ,

ಆಗಸ್ಟ್ ೨೦೦೦. 'ಬೊನಾತ್ಸ' ಮುಳುಗುವುದಕ್ಕೆ ಆರು ದಿನ ಮೊದಲು ನಾನು ಒಬ್ಬನೇ ಝೂಟ್ ದ್ವೀಪದ ದಕ್ಷಿಣ ಮೂಲೆಗೆ ಮೀನಿಗೆ ಹೋಗಿದ್ದೆ. ನಡುಹಗಲು, ಕನ್ನಡಿಯಂಥ ನೀರು. ದಡ ಮತ್ತು ಸಣ್ಣ ದಿಬ್ಬದ ನಡುವೆ ನುಸುಳಿ ಹೋದರೆ ಅರ್ಧ ಗಂಟೆ ಉಳಿಯುತ್ತದೆಂದು ನುಸುಳಿದೆ. ಅಲ್ಲಿ ನೀರಿನ ಕೆಳಗೆ ಒಂದು ಬಂಡೆ ಇದೆ. ನಕ್ಷೆಯಲ್ಲಿ ಅದಕ್ಕೆ ಒಂದು ಚುಕ್ಕೆ ಇದೆ, ಹೆಸರಿಲ್ಲ. ನಾನು ನಕ್ಷೆ ನೋಡಿರಲಿಲ್ಲ.

ದೋಣಿ ಬಂಡೆಯ ಮೇಲೆ ಏರಿ ನಿಂತಿತು. ಹಿಂದಕ್ಕೆ ಎಳೆದು ಬಿಡಿಸಿದೆ. ಒಳಗೆ ನೀರು ಬರಲಿಲ್ಲ. ಸಂಜೆ ಮುಳುಗಿ ತಡಕಿದೆ. ಎಡಗಡೆ, ಕೆಳಗಿನಿಂದ ಮೂರನೇ ಹಲಗೆ, ಮೊಳದುದ್ದ ತರಚಿ ಒಳಕ್ಕೆ ಸ್ವಲ್ಪ ತಗ್ಗಿತ್ತು. ಆಮೇಲೆ ಬಿಟ್ಟುಕೊಂಡು ದೋಣಿ ಮುಳುಗಿಸಿದ್ದು ಅದೇ ಹಲಗೆ.

ಮೂವತ್ತೊಂದು ವರ್ಷ ರಿಯೇಕಾ ಬಂದರಿನಲ್ಲಿ ಪೈಲಟ್ ಆಗಿದ್ದವನು ನಾನು. ಪರದೇಶದ ಹಡಗುಗಳನ್ನು ದಕ್ಕೆಗೆ ತಂದು ನಿಲ್ಲಿಸಿದವನು ಹಗಲು ಹೊತ್ತಿನಲ್ಲಿ, ಗಾಳಿಯಿಲ್ಲದ ದಿನ, ಸ್ವಂತ ದೋಣಿಯನ್ನು ಬಂಡೆಗೆ ಕೊಟ್ಟೆ ಎಂದು ಹೇಳುವುದು ಹೇಗೆ? ಹಲಗೆ ನೋಡೆಂದು ನಿನಗೆ ಹೇಳಿದ್ದರೆ ನೀನು ಕಾರಣ ಕೇಳುತ್ತಿದ್ದೆ. ಹೇಳಲಿಲ್ಲ. ಆರನೇ ದಿನ ಒರಿಯಾನಾಳನ್ನು ಕೂರಿಸಿಕೊಂಡು ಹೊರಟೆ. ಏಳನೇ ದಿನ ದಕ್ಕೆಯ ಮೇಲೆ ನಿನ್ನನ್ನು ನೋಡಿದೆ. ಊರೆಲ್ಲ ಕಾರಣ ಕೇಳುತ್ತಿತ್ತು. ನಿನ್ನ ಕಿವಿ ಮಂದವಾಗುತ್ತಿರುವುದು ನನಗೆ ಮೊದಲೇ ಗೊತ್ತಿತ್ತು. ಕೈಗೆ ಸಿಕ್ಕಿದ ಕಲ್ಲನ್ನು ಎಸೆದೆ.

ಆ ವಸಂತದಲ್ಲಿ ನೀನು ಆ ಹಲಗೆಯನ್ನು ತಟ್ಟಿ ಗಟ್ಟಿಯಿದೆ ಅಂದಿದ್ದೆ. ಅದು ಗಟ್ಟಿಯಿತ್ತು, ಯೆರ್ಕೊ. ನೀನು ಸರಿಯಾಗಿಯೇ ಕೇಳಿದ್ದೆ.

ದೋಣಿ ತಟ್ಟಿ ನೋಡೆಂದು ಮಾರ್ಚಿನಲ್ಲಿ ಬರೆದದ್ದು ಇದನ್ನು ಹೇಳದೆಯೇ ನಿನ್ನ ಋಣ ತೀರಿಸಲು. ಇಡೀ ಬದುಕನ್ನು ನಿನ್ನ ಕಿವಿಯ ಮೇಲೆ ಇಟ್ಟರೆ ಸಮವಾದೀತು ಎಂಬ ಲೆಕ್ಕ. ನೀನು ಎರಡೂ ಬದಿ ತುಂಬಿ ಬರೆದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ.

ಮೊದಲು ಒರಿಯಾನಾಳಿಗೆ ಹೇಳಿದೆ. ಅವಳು, "ಬಂಡೆ ವಿಷಯ ಬಿಡು. ಒಂಬತ್ತು ವರ್ಷ ಆ ಮನುಷ್ಯನ್ನ ಹಾಗೇ ಬಿಟ್ಟಿಯಾ?" ಅಂದಳು. ಎರಡು ದಿನ ನನಗೆ ಊಟ ಹಾಕಿದಳು, ಮಾತಾಡಲಿಲ್ಲ. ಮೂರನೇ ದಿನ ಮಾತಾಡಿದಳು, ಊಟ ಹಾಕಲಿಲ್ಲ. ಈಗ ಎರಡೂ ನಡೆಯುತ್ತಿದೆ.

ನೀನು ಏನು ಬರೆದರೂ ಒಪ್ಪುತ್ತೇನೆ. ಬರೆಯದಿದ್ದರೂ ಒಪ್ಪಬೇಕಾದದ್ದೇ. ಎಷ್ಟೋ ಕಾಲದ ಮೇಲೆ ನಿನ್ನೆ ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಬಂತು. ಅದಕ್ಕೂ ನಾಚಿಕೆಯಾಯಿತು.

ಅಲ್ಬಿನ್


ಬೆಟಿನಾ
೨೬ ಮೇ ೨೦೦೯

ಅಲ್ಬಿನ್,

ನಿನ್ನ ಪತ್ರ ಬೆಳಿಗ್ಗೆ ಹತ್ತಕ್ಕೆ ಬಂತು. ಹತ್ತರಿಂದ ಮಧ್ಯಾಹ್ನದ ಊಟದವರೆಗೆ ನಿನ್ನನ್ನು ದ್ವೇಷಿಸಿದೆ. ಒಲಿವ್ ತೋಟಕ್ಕೆ ಹೋಗಿ, ಯಾರೂ ಇಲ್ಲದ ಕಡೆ ನಿಂತು, ನಿನಗೆ ಏನೇನು ಹೇಳಬೇಕೋ ಎಲ್ಲ ಹೇಳಿದೆ. ನನಗೆ ಕೇಳಿಸಲಿಲ್ಲ, ಮೂರು ತೋಟದಾಚೆಯವರಿಗೆ ಕೇಳಿಸಿತಂತೆ.

ಆಮೇಲೆ ಒಂದು ಕಲ್ಲಿನ ಮೇಲೆ ಕುಳಿತೆ. ಮೂರನೇ ಹಲಗೆ ಗಟ್ಟಿಯಿತ್ತು ಎಂದು ಬಾಯಿಬಿಟ್ಟು ಹೇಳಿಕೊಂಡೆ. ಮತ್ತೊಂದು ಸಲ ಹೇಳಿಕೊಂಡೆ. ಎಪ್ಪತ್ತೊಂದು ವರ್ಷದ ಗಂಡಸು ಒಲಿವ್ ಮರದ ಕೆಳಗೆ ಹಾಗೆ ಅಳುವುದು ನೋಡುವಂಥದ್ದಲ್ಲ. ಯಾರೂ ನೋಡಲಿಲ್ಲ. ನಾನು ನಿನ್ನ ಹೆಂಡತಿಯನ್ನು ಮುಳುಗಿಸಲಿಲ್ಲ. ಮನೆಗೆ ಬಂದು ಬೀನ್ಸ್ ಸೂಪು ಮೂರು ತಟ್ಟೆ ತಿಂದೆ. ಫ್ರಾನಿತ್ಸಾ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು.

ಒಂಬತ್ತು ವರ್ಷದ ಕೆಲಸ ನನಗೆ ಯಾರೂ ವಾಪಸ್ ಕೊಡಲಾರರು. ಅದನ್ನು ಒಂದು ಸಲ ಬರೆಯುತ್ತಿದ್ದೇನೆ. ಮತ್ತೆ ಎತ್ತುವುದಿಲ್ಲ.

ರೋಕೊನ ದೋಣಿ ಈಗ ತೋಂಕಾಳ ಶೆಡ್ಡಿನ ಎದುರು ದಡದಲ್ಲಿದೆ. ಮೇಲಿನ ಪದರ ಕತ್ತರಿಸಿ ತೆಗೆದಿದ್ದಾಳೆ, ಹಸಿ ಬಾಲ್ಸಾ ಕೆರೆದು ಹಾಕುತ್ತಿದ್ದಾಳೆ. ಮುಂದಿನ ವರ್ಷ ಯಾರಿಗಾದರೂ ನಿಜ ಹೇಳಿ ಮಾರಬಹುದು. ಕೆರೆಯುವ ಕೆಲಸಕ್ಕೆ ಕಿವಿ ಬೇಕಾಗಿಲ್ಲ. ನಾನು ದಿನಾ ಬೆಳಿಗ್ಗೆ ಹೋಗುತ್ತೇನೆ. ರೋಕೊ ನೆರಳಲ್ಲಿ ಕುಳಿತು ಇಬ್ಬರ ತಪ್ಪನ್ನೂ ಎತ್ತಿ ಹೇಳುತ್ತಾನೆ. ಕೇಳಿಸಿಕೊಳ್ಳುವ ಕಷ್ಟ ತೋಂಕಾಳದು ಮಾತ್ರ.

ಇನ್ನೊಂದು ಕೆಲಸ ಮಾಡಿದ್ದೇನೆ, ನಿನ್ನನ್ನು ಕೇಳದೆ. ಶನಿವಾರ ದಕ್ಕೆಯ ಕಾಫಿ ಅಂಗಡಿಯಲ್ಲಿ ಎಲ್ಲರೂ ಇದ್ದರು. ಎದ್ದು ನಿಂತು ನನ್ನ ಕಿವಿಯ ವಿಷಯ ಹೇಳಿದೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಆಮೇಲೆ ನಿನ್ನ ಬಂಡೆಯ ವಿಷಯ ಹೇಳಿದೆ. ಮುಖಗಳನ್ನು ನೋಡಬೇಕಿತ್ತು ನೀನು. ಒಬ್ಬ ಎದ್ದು ಏನೋ ಕೂಗಿದ, ಇಡೀ ಅಂಗಡಿ ಮೇಜು ಗುದ್ದಿ ನಕ್ಕಿತು. ನನಗೆ ತಿಳಿಯಲೆಂದು ತೋಂಕಾ ಸಿಗರೇಟ್ ಪೆಟ್ಟಿಗೆಯ ಮೇಲೆ ಬರೆದು ತೋರಿಸಿದಳು: "ಪೈಲಟ್ ಸಾಹೇಬ್ರು ಹಡಗು ನಿಲ್ಸೋಕೆ ಜಾಗ ಹುಡುಕ್ತಿದ್ರಂತೆ, ಸಿಕ್ತಂತೆ!"

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ. ನೀರಿನೊಳಗಿನ ಬಂಡೆಗಳಿಗೆಲ್ಲ ಮೊದಲು ಬಡಿದವನ ಹೆಸರೇ. ಸ್ಟಿಪೆಯ ಬಂಡೆಗೆ ಸ್ಟಿಪೆ ಬಡಿದ, ಪಾದ್ರಿ ಬಂಡೆಗೆ ಪಾದ್ರಿ. ಆ ಮೂಲೆಯದಕ್ಕೆ ಹೆಸರಿರಲಿಲ್ಲ, ಬಡಿದೆನೆಂದು ಯಾರೂ ಒಪ್ಪಿಕೊಂಡಿರಲಿಲ್ಲ. ಈಗ ಅದು ಅಲ್ಬಿನ್ ಬಂಡೆ. ನಿನ್ನೆ ಝೂಟ್ ಕಡೆಯಿಂದ ಬಂದ ಮೀನುಗಾರ ಅಂಗಡಿಯಲ್ಲಿ, "ಅಲ್ಬಿನ್ ಬಂಡೆ ಹತ್ರ ಬಲೆ ಹಾಕಿದ್ದೆ, ಒಳ್ಳೇ ಮೀನು" ಅಂದನಂತೆ. ಯಾರೂ ನಗಲಿಲ್ಲವಂತೆ. ಅಂದರೆ ಹೆಸರು ನಿಂತಿತು.

ನಾವಿಬ್ಬರೂ ಹೋದ ಮೇಲೂ ಜನ ಅದನ್ನು ಹಾಗೇ ಕರೆಯುತ್ತಾರೆ. ಇನ್ನು ಬೆಟಿನಾಕ್ಕೆ ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಬರೆಯಬೇಡ. ಇಲ್ಲಿ ನಿನ್ನ ಹೆಸರಿನ ಜಾಗ ಇದೆ. ಒರಿಯಾನಾಳನ್ನು ಕರೆದುಕೊಂಡು ಗುರುವಾರದ ಬಸ್ಸಿಗೆ ಬಾ.

ಯೆರ್ಕೊ